ರಸಮಂಜರಿ ವೇದಿಕೆಯಲ್ಲಿ ಎಚ್‌ಎಕ್ಸ್ ಸ್ಟಾಂಪ್: ಮೂರು ಗಣೇಶನ ಹಬ್ಬಗಳ ಅನುಭವ

ಮಂಡ್ಯದ ಕಡೆಯ ಒಂದು ಹಳ್ಳಿ, ಗಣೇಶನ ಪೆಂಡಾಲು. ಮೊದಲ ಹಾಡಿನ ಪಲ್ಲವಿ ಮುಗಿಯುವ ಮೊದಲೇ ಮಿಕ್ಸರ್ ಮುಂದೆ ಕುಳಿತಿದ್ದ ಹುಡುಗ ನನ್ನತ್ತ ನೋಡಿ ತಲೆಯಾಡಿಸಿ, ಗಿಟಾರಿನ ಸದ್ದು ಏರಿಳಿಸುವ ಫೇಡರ್ ಅನ್ನು ಪೂರ್ತಿ ಕೆಳಗೆ ಎಳೆದುಬಿಟ್ಟ. ಹಾಡು ಮುಗಿದ ಮೇಲೆ ವೇದಿಕೆಯ ಅಂಚಿಗೆ ಬಂದು, "ಅಣ್ಣಾ, ನಿಮ್ಮ ಗಿಟಾರು ಕೆಳಗೆ ಬರೀ ಗುಂಯ್ ಎನ್ನುತ್ತಿದೆ, ಮೇಲೆ ತಗಡು ಕೆರೆದ ಹಾಗೆ ಕೇಳುತ್ತಿದೆ. ನಡುವೆ ಏನೂ ಇಲ್ಲ" ಎಂದ. ಆ ಮಾತಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅದಕ್ಕೂ ಮೊದಲಿನ ಹದಿನೈದು ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ನಾದವನ್ನು ತಿದ್ದಿ ತೀಡಿ ಕೂಡಿಟ್ಟಿದ್ದೆ. ಅದರಲ್ಲಿ ಒಂದೂ ಆ ರಾತ್ರಿ ಕೆಲಸಕ್ಕೆ ಬರಲಿಲ್ಲ.

ಆಗ ನನ್ನ ಕಾಲ ಬಳಿ ಇದ್ದದ್ದು ಲೈನ್ 6 ಸಂಸ್ಥೆಯ ಎಚ್‌ಎಕ್ಸ್ ಸ್ಟಾಂಪ್, ಗಿಟಾರ್ ಆಂಪ್‌ಗಳ ಮತ್ತು ಎಫೆಕ್ಟ್‌ಗಳ ನಾದವನ್ನು ಒಂದೇ ಪೆಟ್ಟಿಗೆಯಲ್ಲಿ ಕೊಡುವ ಯಂತ್ರ. ಇವತ್ತೂ ಅದೇ ಇದೆ. ಮೂರು ಗಣೇಶನ ಹಬ್ಬ, ಮೂರು ರಾಜ್ಯೋತ್ಸವದ ತಿಂಗಳು, ಲೆಕ್ಕವಿಡದಷ್ಟು ಆರತಕ್ಷತೆಗಳನ್ನು ಅದರೊಂದಿಗೆ ಕಳೆದಿದ್ದೇನೆ. ಅಂದು ತಪ್ಪಿದ್ದು ನನ್ನ ಸಿದ್ಧತೆ. ಅದು ಹೇಗೆ ತಪ್ಪಿತು, ಹೇಗೆ ಸರಿಹೋಯಿತು ಎಂಬುದನ್ನು ಹೇಳದೆ ಈ ಪೆಟ್ಟಿಗೆಯ ಬಗ್ಗೆ ಬರೆದರೆ ಪ್ರಯೋಜನವಿಲ್ಲ. ಯಾಕೆಂದರೆ ಕೊಂಡ ಮೊದಲ ತಿಂಗಳಲ್ಲೇ ಬೇಸತ್ತು ಇಂಥ ಯಂತ್ರಗಳನ್ನು ಮಾರಿಬಿಟ್ಟ ಗೆಳೆಯರು ನನಗೆ ಹಲವರಿದ್ದಾರೆ. ನಾನು ಇದನ್ನು 42,000 ರೂಪಾಯಿಗೆ ಕೊಂಡದ್ದೂ ಹಾಗೆ ಬೇಸತ್ತವರೊಬ್ಬರಿಂದಲೇ.

ಮೊದಲು ಪೆಟ್ಟಿಗೆಯ ವಿಷಯ. ಲೈನ್ 6 ಅಮೆರಿಕದ ಕ್ಯಾಲಿಫೋರ್ನಿಯಾದ ಸಂಸ್ಥೆ. ಹುರುಳಿಕಾಳಿನ ಆಕಾರದ ಕೆಂಪು 'ಪಾಡ್' ಮೂಲಕ ಆಂಪ್ ಮಾಡೆಲಿಂಗ್ ಅನ್ನು, ಅಂದರೆ ನಿಜವಾದ ಆಂಪ್‌ಗಳ ನಾದವನ್ನು ಅನುಕರಿಸುವ ವಿದ್ಯೆಯನ್ನು, ಸಾಮಾನ್ಯ ಗಿಟಾರ್ ವಾದಕರ ಕೈಗೆ ತಲುಪಿಸಿದವರು ಅವರೇ. ಈಗ ಅದು ಯಮಾಹಾ ಸಮೂಹದಲ್ಲಿದೆ. 2015ರಲ್ಲಿ ಅವರು ಹೀಲಿಕ್ಸ್ ಎಂಬ ದೊಡ್ಡ ಫ್ಲೋರ್‌ಬೋರ್ಡ್ ತಂದರು. ಅದರೊಳಗಿನ ಆಂಪ್ ಮತ್ತು ಎಫೆಕ್ಟ್‌ಗಳನ್ನೇ 2018ರಲ್ಲಿ ಒಂದು ಪುಟ್ಟ ಲೋಹದ ಪೆಟ್ಟಿಗೆಗೆ ಇಳಿಸಿದರು. ಅದೇ ಸ್ಟಾಂಪ್. ತೂಕ ಒಂದು ಕಿಲೋಗಿಂತ ತುಸು ಹೆಚ್ಚು. ಕಾಲಿನಿಂದ ಒತ್ತಲು ಮೂರು ಸ್ವಿಚ್, ಒಂದು ಬಣ್ಣದ ಪರದೆ, ತಿರುಗಿಸಲು ಕೆಲವು ಗುಂಡಿ. ಆಂಪ್, ಡಿಲೇ (ಪ್ರತಿಧ್ವನಿ), ರಿವರ್ಬ್ (ಕೋಣೆಯ ಗುಂಗು) ಹೀಗೆ ಒಂದೊಂದನ್ನೂ ಒಂದು ಬ್ಲಾಕ್ ಎಂದು ಕರೆಯುತ್ತಾರೆ. ಮೊದಲು ಒಂದು ಪ್ರಿಸೆಟ್‌ನಲ್ಲಿ (ಉಳಿಸಿಟ್ಟ ಒಂದು ನಾದದ ಜೋಡಣೆಯಲ್ಲಿ) ಆರು ಬ್ಲಾಕ್‌ಗಳಿಗೆ ಮಾತ್ರ ಜಾಗವಿತ್ತು; 2020ರ 3.0 ಅಪ್‌ಡೇಟ್ ಬಂದ ಮೇಲೆ ಎಂಟಾಯಿತು. ಆ ಎರಡು ಬ್ಲಾಕ್ ನನ್ನಂಥವರಿಗೆ ಎಷ್ಟು ದೊಡ್ಡ ವರ ಎಂಬುದು ಆರರಲ್ಲಿ ಒದ್ದಾಡಿದವರಿಗೆ ಗೊತ್ತು.

ನಾನು ಮೈಸೂರಿನ ಒಂದು ಆರ್ಕೆಸ್ಟ್ರಾದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗಿಟಾರ್ ನುಡಿಸುತ್ತಿದ್ದೇನೆ. ಹಗಲು ಆಫ್‌ಸೆಟ್ ಮುದ್ರಣಾಲಯದಲ್ಲಿ ಕೆಲಸ. ನಮ್ಮ ರಸಮಂಜರಿಯಲ್ಲಿ ಭಕ್ತಿಗೀತೆಯಿಂದ ಆರಂಭವಾಗಿ ಎಪ್ಪತ್ತರ ದಶಕದ ಯುಗಳಗೀತೆ, ಜಾನಪದ, ಹೊಸ ಚಿತ್ರಗಳ ಕುಣಿತದ ಹಾಡು, ಕೊನೆಗೆ ಒಂದೆರಡು ರಾಕ್ ಶೈಲಿಯ ಹಾಡು, ಎಲ್ಲವೂ ಮೂರು ಗಂಟೆಯೊಳಗೆ ಬರಬೇಕು. ಒಂದು ಹಾಡಿಗೆ ಅಕೂಸ್ಟಿಕ್ ಗಿಟಾರಿನ ನಾದ, ಮುಂದಿನದಕ್ಕೆ 'ವಾವಾ' ಎನ್ನುವ ವಾಹ್, ಅದರ ಮುಂದಿನದಕ್ಕೆ ಕರಕರ ಎನ್ನುವ ಡಿಸ್ಟಾರ್ಷನ್. ಒಂದು ಕಾಲಕ್ಕೆ ರೋಲೆಂಡ್ ಜೆಸಿ-120 ಆಂಪ್ ಬಾಡಿಗೆಗೆ ಸಿಗುತ್ತಿತ್ತು. ಒಳ್ಳೆಯ ಆಂಪ್, ಆದರೆ ತೂಕ 28 ಕಿಲೋ. ಹನ್ನೆರಡು ಜನ, ಎರಡು ಕೀಬೋರ್ಡ್, ರಿದಂ ಪ್ಯಾಡ್, ತಬಲ, ಢೋಲಕ್ ಎಲ್ಲ ತುಂಬಿದ ಟೆಂಪೊ ಟ್ರಾವೆಲರ್‌ನಲ್ಲಿ ಅದಕ್ಕೆ ಜಾಗ ಎಲ್ಲಿಂದ ತರುವುದು? ಸ್ಟಾಂಪ್ ಅನ್ನು ಊಟದ ಡಬ್ಬಿಯ ಹಾಗೆ ಬೆನ್ನಚೀಲದಲ್ಲಿ ಹಾಕಿಕೊಂಡು ಹೋಗುತ್ತೇನೆ.

ಪೆಂಡಾಲಿನ ರಾತ್ರಿಗೆ ಮರಳುತ್ತೇನೆ. ಅಲ್ಲಿ ಆದದ್ದು ಏನೆಂದು ನನಗೆ ಹೊಳೆದದ್ದು ಮರುದಿನ ಪ್ರೆಸ್‌ನಲ್ಲಿ. ಕಂಪ್ಯೂಟರ್ ಪರದೆಯಲ್ಲಿ ಕೆಂಪಗೆ ಹೊಳೆಯುತ್ತಿದ್ದ ಮದುವೆ ಪತ್ರಿಕೆ ಕಾಗದದ ಮೇಲೆ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು. ಪರದೆ ನೋಡಿ ಬಣ್ಣ ಒಪ್ಪಬಾರದು, ಅಚ್ಚಾದ ಹಾಳೆಯನ್ನು ಬೆಳಕಿಗೆ ಹಿಡಿದು ಒಪ್ಪಬೇಕು ಎಂದು ಹುಡುಗರಿಗೆ ದಿನಾ ಹೇಳುವವನು ನಾನು. ಗಿಟಾರಿನ ವಿಷಯದಲ್ಲಿ ಅದನ್ನೇ ಮರೆತಿದ್ದೆ. ನಮ್ಮ ಕಿವಿ ಮೆಲ್ಲಗಿನ ಸದ್ದಿನಲ್ಲಿ ತಗ್ಗಿನ ಸ್ವರಗಳನ್ನೂ ತೀರಾ ಮೇಲಿನವನ್ನೂ ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ. ನಡುವಿನದನ್ನೇ ಹೆಚ್ಚು ಕೇಳುತ್ತದೆ. ಸದ್ದು ಏರಿದಂತೆ ಈ ಅಂತರ ಕಡಿಮೆಯಾಗುತ್ತದೆ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಇದನ್ನು 1933ರಲ್ಲೇ ಅಳೆದು ರೇಖಾಚಿತ್ರ ಬರೆದಿಟ್ಟಿದ್ದಾರೆ. ರಾತ್ರಿ ಹೊತ್ತು ಮೆಲ್ಲಗೆ ಕೇಳುತ್ತ ನಾನು ಬಾಸ್ ಮತ್ತು ಟ್ರೆಬಲ್ ಏರಿಸುತ್ತ, ಮಿಡ್ ತಗ್ಗಿಸುತ್ತ ಹೋಗಿದ್ದೆ. ಅದೇ ನಾದ ಪೆಂಡಾಲಿನ ದೊಡ್ಡ ಸ್ಪೀಕರ್‌ಗಳಲ್ಲಿ ಹೊರಬಂದಾಗ ಕೆಳಗೆ ಗುಂಯ್, ಮೇಲೆ ತಗಡು. ನಡುವೆ ಏನೂ ಇರಲಿಲ್ಲ, ಹುಡುಗ ಹೇಳಿದ ಹಾಗೆ.

ಅದಾದ ಎರಡನೆಯ ವಾರ ಹುಣಸೂರು ರಸ್ತೆಯ ಒಂದು ಕಲ್ಯಾಣ ಮಂಟಪದಲ್ಲಿ ಆರತಕ್ಷತೆ ಇತ್ತು. ಸಂಜೆ ಏಳಕ್ಕೆ ಕಾರ್ಯಕ್ರಮ. ನಾನು ಮಧ್ಯಾಹ್ನ ಮೂರಕ್ಕೇ ಹೋಗಿ ಸೌಂಡ್‌ನವರನ್ನು ಅರ್ಧ ಗಂಟೆ ಕೇಳಿಕೊಂಡೆ. ಅವರು ಕೊಟ್ಟರು. ಉದ್ದದ ತಂತಿ ಹಾಕಿ ಪೆಟ್ಟಿಗೆಯನ್ನು ಒಂದು ಕುರ್ಚಿಯ ಮೇಲಿಟ್ಟುಕೊಂಡು, ವೇದಿಕೆಯಿಂದ ಇಳಿದು, ಮೊದಲ ಸಾಲಿನ ಸೋಫಾಗಳ ಹಿಂದೆ ನಿಂತೆ. ಸದ್ದು ಕಾರ್ಯಕ್ರಮದಲ್ಲಿ ಇರುವಷ್ಟೇ. ಎಲ್ಲ ಎಫೆಕ್ಟ್ ಆರಿಸಿ ಬರೀ ಆಂಪ್ ಮತ್ತು ಕ್ಯಾಬ್ (ಸ್ಪೀಕರ್ ಪೆಟ್ಟಿಗೆಯ ನಕಲು) ಉಳಿಸಿಕೊಂಡೆ. ಆಂಪ್ 'ಯುಎಸ್ ಡಬಲ್', ಅಂದರೆ ಫೆಂಡರ್ ಟ್ವಿನ್ ರಿವರ್ಬ್‌ನ ನಕಲು.

ಮೊದಲು ಲೋ ಕಟ್, ಅಂದರೆ ಗೊತ್ತುಮಾಡಿದ ಅಂಕಿಗಿಂತ ಕೆಳಗಿನ ಸದ್ದನ್ನು ಕತ್ತರಿಸುವುದು. ಗಿಟಾರಿನ ಅತಿ ದಪ್ಪ ತಂತಿ ನುಡಿಯುವುದು 82 ಹರ್ಟ್ಸ್‌ನಲ್ಲಿ. ಅದರ ಕೆಳಗೆ ಗಿಟಾರಿಗೆ ಕೆಲಸವಿಲ್ಲ, ಅದು ಬಾಸ್ ಗಿಟಾರ್ ಮತ್ತು ತಬಲದ ಡಗ್ಗದ ಸೀಮೆ. 80ರಿಂದ ನಿಧಾನವಾಗಿ ಮೇಲಕ್ಕೆ ತಂದೆ. ಒಂಟಿಯಾಗಿ ಕೇಳಿದಾಗ 120ರ ಹತ್ತಿರ ನಾದ ತೆಳ್ಳಗಾಯಿತು ಎನಿಸಿತು. ಅಷ್ಟರಲ್ಲಿ ನಮ್ಮ ಕೀಬೋರ್ಡ್‌ನವರು ಬಂದು ಎಡಗೈಯಲ್ಲಿ ಬಾಸ್ ನುಡಿಸಿದರು. ಗಿಟಾರು ತೆಳ್ಳಗೆ ಕೇಳಲೇ ಇಲ್ಲ. ತನ್ನ ಜಾಗದಲ್ಲಿ ನಿಂತಿತು. ಹೈ ಕಟ್ ಕೂಡ ಹಾಗೆಯೇ, ಅದು ಮೇಲಿನದನ್ನು ಕತ್ತರಿಸುತ್ತದೆ. ನಿಜವಾದ ಗಿಟಾರ್ ಆಂಪಿನ ಸ್ಪೀಕರ್ ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ಬೇಗ ಇಳಿದುಹೋಗುತ್ತದೆ, ಆದರೆ ಸಭಾಂಗಣದ ಸ್ಪೀಕರ್ ಎಲ್ಲವನ್ನೂ ನುಡಿಯುತ್ತದೆ. ಹೈ ಕಟ್ ಅನ್ನು 7,000ಕ್ಕೆ ಇಳಿಸಿದಾಗ ಕಿವಿಗೆ ಚುಚ್ಚುತ್ತಿದ್ದ ಮುಳ್ಳು ಹೋಯಿತು. ಇನ್ನೂ ಸ್ವಲ್ಪ ಉಳಿದಿತ್ತು. ಆಗ ಕ್ಯಾಬ್‌ನೊಳಗಿನ ಮೈಕ್ ಅನ್ನು ಸರಿಸಿದೆ. 2022ರ 3.5 ಅಪ್‌ಡೇಟ್‌ನಲ್ಲಿ ಬಂದ ಹೊಸ ಕ್ಯಾಬ್‌ಗಳಲ್ಲಿ ಮೈಕ್ ಅನ್ನು ಸ್ಪೀಕರ್ ಕೋನಿನ ನಡುವಿನಿಂದ ಅಂಚಿಗೆ ಜರುಗಿಸಬಹುದು, ದೂರ ಹಿಡಿಯಬಹುದು, ಓರೆ ಮಾಡಬಹುದು. ನಡುವೆ ಇದ್ದರೆ ನಾದ ಹೊಳಪು, ಅಂಚಿಗೆ ಹೋದಂತೆ ಮೃದು. ಗುಂಡಿಯನ್ನು ಎರಡೇ ಎರಡು ಹಲ್ಲಿನಷ್ಟು ತಿರುಗಿಸಿದೆ. ಇಡೀ ಗಿಟಾರಿಗೆ ಬೇರೆಯದೇ ಮೈ ಬಂತು! ಅರ್ಧ ಗಂಟೆಯಲ್ಲಿ ಮುಟ್ಟಿದ್ದು ಮೂರು ಅಂಕಿಗಳನ್ನು ಮಾತ್ರ. ಮನೆಯಲ್ಲಿ ಹದಿನೈದು ರಾತ್ರಿ ಮುಟ್ಟಿದ್ದು ಮುನ್ನೂರಿರಬೇಕು.

ಆದ್ದರಿಂದ ಇದನ್ನು ಕೊಳ್ಳುವವರಿಗೆ ನನ್ನ ಒಂದೇ ಕೋರಿಕೆ: ಕಾರ್ಯಕ್ರಮದ ಸದ್ದಿನಲ್ಲಿ, ವಾದ್ಯವೃಂದದ ನಡುವೆ ನಿಂತು ನಾದವನ್ನು ಒಪ್ಪಿರಿ. ಸಭಾಂಗಣ ಸಿಗದಿದ್ದರೆ ಸೌಂಡ್‌ನವರ ಗೋದಾಮಿಗೆ ಹೋಗಿ ಒಂದು ಸ್ಪೀಕರ್ ಹಚ್ಚಿಸಿಕೊಳ್ಳಿ, ಚಹಾದ ಖರ್ಚಿನಲ್ಲಿ ಕೆಲಸವಾಗುತ್ತದೆ. ಮನೆಯಲ್ಲಿ ಮಾಡಬೇಕಾದದ್ದು ಬ್ಲಾಕ್‌ಗಳ ಜೋಡಣೆ, ಸ್ವಿಚ್‌ಗಳ ಹಂಚಿಕೆ, ಹೆಸರಿಡುವುದು, ಅಷ್ಟೇ. ಯುಎಸ್‌ಬಿ ತಂತಿ ಹಾಕಿ ಎಚ್‌ಎಕ್ಸ್ ಎಡಿಟ್ ತಂತ್ರಾಂಶದಲ್ಲಿ ಈ ಕೆಲಸ ಬಹಳ ಸಲೀಸು.

ಮೂರು ಸ್ವಿಚ್ ಸಾಲದು ಎಂದು ಎಲ್ಲರೂ ಹೇಳುತ್ತಾರೆ. ನಿಜ, ಸಾಲದು. ಆದರೆ ಸ್ನ್ಯಾಪ್‌ಶಾಟ್ ಎಂಬುದನ್ನು ಅರ್ಥ ಮಾಡಿಕೊಂಡರೆ ಮುಕ್ಕಾಲು ಪಾಲು ಕೆಲಸ ಸಾಗುತ್ತದೆ. ಒಂದು ಪ್ರಿಸೆಟ್‌ನಿಂದ ಇನ್ನೊಂದಕ್ಕೆ ಹೋಗುವಾಗ ನಾದ ಕ್ಷಣಕಾಲ ಕಡಿಯುತ್ತದೆ. ಪಲ್ಲವಿಯಿಂದ ಚರಣಕ್ಕೆ ಹೋಗುವ ಹೊತ್ತಿಗೆ ಅದು ಸಲ್ಲದು. ಸ್ನ್ಯಾಪ್‌ಶಾಟ್ ಎಂದರೆ ಒಂದೇ ಪ್ರಿಸೆಟ್‌ನ ಒಳಗಿನ ಮೂರು ಸ್ಥಿತಿಗಳು: ಯಾವ ಬ್ಲಾಕ್ ಹಚ್ಚಿದೆ, ಯಾವುದು ಆರಿದೆ, ಯಾವ ಗುಂಡಿ ಎಲ್ಲಿದೆ ಎಂಬುದೆಲ್ಲ ಒಂದೇ ಒತ್ತಿಗೆ ಬದಲಾಗುತ್ತದೆ, ನಾದ ಕಡಿಯುವುದಿಲ್ಲ, ಡಿಲೇಯ ಬಾಲವೂ ಉಳಿಯುತ್ತದೆ. ನನ್ನ ಕ್ರಮ ಹೀಗಿದೆ: ಮೊದಲನೆಯದು ತಾಳಕ್ಕೆ ಮೀಟುವ ಶುದ್ಧ ನಾದ, ಎರಡನೆಯದು ತುಸು ಒರಟು, ಮೂರನೆಯದು ಸೋಲೊ. ಸೋಲೊದಲ್ಲಿ ಕೊನೆಯ ಗೇನ್ ಬ್ಲಾಕ್ 3 ಡೆಸಿಬಲ್ ಏರುತ್ತದೆ, ಡಿಲೇ ಒಂದು ಗೆರೆ ಹೆಚ್ಚು. ಮೂರು ಡೆಸಿಬಲ್ ಕಾಗದದ ಮೇಲೆ ಸಣ್ಣದು. ವೇದಿಕೆಯಲ್ಲಿ ಹಾರ್ಮೋನಿಯಂ ಹಿಂದಿನಿಂದ ಎದ್ದು ಮುಂದೆ ಬಂದು ನಿಂತ ಹಾಗೆ.

ಎಂಟು ಬ್ಲಾಕ್‌ಗಳನ್ನು ಜತನದಿಂದ ಬಳಸಬೇಕು. ಆಂಪ್ ಮತ್ತು ಕ್ಯಾಬ್ ಬೇರೆ ಬೇರೆ ಹಾಕಿದರೆ ಎರಡು ಬ್ಲಾಕ್ ಹೋಗುತ್ತದೆ, 'ಆಂಪ್+ಕ್ಯಾಬ್' ಎಂಬ ಜೋಡಿ ಹಾಕಿದರೆ ಒಂದೇ. ನಾಯ್ಸ್ ಗೇಟ್‌ಗೆ ಪ್ರತ್ಯೇಕ ಬ್ಲಾಕ್ ಬೇಡ, ಇನ್‌ಪುಟ್‌ನ ಒಳಗೇ ಒಂದಿದೆ. ನನ್ನ ಮುಖ್ಯ ಪ್ರಿಸೆಟ್‌ನಲ್ಲಿ ಕಂಪ್ರೆಸರ್, ವಾಹ್, ಓವರ್‌ಡ್ರೈವ್, ಆಂಪ್+ಕ್ಯಾಬ್, ಕೋರಸ್, ಡಿಲೇ, ರಿವರ್ಬ್, ಗೇನ್. ಸರಿಯಾಗಿ ಎಂಟು. ಜಾಗ ಇದ್ದರೂ ಕೆಲವೊಮ್ಮೆ ಯಂತ್ರದ ಲೆಕ್ಕಾಚಾರದ ಶಕ್ತಿ ಮುಗಿದು, ಪಟ್ಟಿಯಲ್ಲಿ ಕೆಲವು ಹೆಸರುಗಳು ಮಸುಕಾಗಿಬಿಡುತ್ತವೆ. ಹಾಗಾದಾಗ ದೊಡ್ಡ ರಿವರ್ಬ್ ಬದಲು ಹಳೆಯ ಸರಳ ರಿವರ್ಬ್ ಆರಿಸಿಕೊಳ್ಳುತ್ತೇನೆ. ಕಲ್ಯಾಣ ಮಂಟಪದ ಗೋಡೆಗಳೇ ಬೇಕಾದಷ್ಟು ರಿವರ್ಬ್ ಕೊಡುತ್ತವೆ.

ಶಕ್ತಿ ನುಂಗುವ ದೊಡ್ಡ ಬ್ಲಾಕ್‌ಗಳಲ್ಲಿ ಒಂದು 'ಪಾಲಿ ಕೇಪೊ'. ಇದೂ 3.0 ಅಪ್‌ಡೇಟ್‌ನಲ್ಲೇ ಬಂದದ್ದು. ಆರು ತಂತಿಗಳನ್ನೂ ಒಟ್ಟಿಗೆ ಮೇಲಕ್ಕೋ ಕೆಳಕ್ಕೋ ಅರ್ಧರ್ಧ ಸ್ವರ ಸರಿಸುತ್ತದೆ. ಆರ್ಕೆಸ್ಟ್ರಾದವರಿಗೆ ಇದರ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹಿರಿಯ ಗಾಯಕರು ವೇದಿಕೆ ಏರುವ ಹೊತ್ತಿಗೆ, "ಇವತ್ತು ಗಂಟಲು ಸರಿ ಇಲ್ಲಪ್ಪ, ಅರ್ಧ ಮನೆ ಇಳಿಸೋಣ" ಎನ್ನುತ್ತಾರೆ. ಕೀಬೋರ್ಡ್‌ನವರು ಒಂದು ಗುಂಡಿ ಒತ್ತಿ ಮುಗಿಸುತ್ತಾರೆ. ತೆರೆದ ತಂತಿಗಳ ಮೇಲೆ ನಿಂತ ಗಿಟಾರಿನ ತುಣುಕನ್ನು ಅರ್ಧ ಮನೆ ಕೆಳಗೆ ನುಡಿಸುವುದು ಹೇಗೆ? ಹಿಂದೆಲ್ಲ ನಾನು ಆ ತುಣುಕನ್ನೇ ಬದಲಿಸುತ್ತಿದ್ದೆ, ಒಳಗೊಳಗೆ ನೋಯುತ್ತಿದ್ದೆ. ಈಗ ಪಾಲಿ ಕೇಪೊ ಒಂದು ಕೆಳಗೆ. ಬೆರಳಿಗೂ ನಾದಕ್ಕೂ ನಡುವೆ ಒಂದು ಎಳೆಯಷ್ಟು ತಡವಿದೆ, ಸುಳ್ಳು ಹೇಳುವುದಿಲ್ಲ. ವೇಗದ ಸೋಲೊಗೆ ನಾನದನ್ನು ಹಚ್ಚುವುದಿಲ್ಲ. ಬಿಡಿಬಿಡಿಯಾಗಿ ತಂತಿ ಮೀಟುವ ಹಾಡಿಗೆ ಮಾತ್ರ. ಮೊದಲ ಸಲ ಹೀಗೆ ನುಡಿಸಿದ ರಾತ್ರಿ, ಆ ಗಾಯಕರು ಹಾಡಿನ ನಡುವೆಯೇ ನನ್ನ ಕಡೆ ತಿರುಗಿ ಕೈಯೆತ್ತಿದರು.

ದೇವಸ್ಥಾನದ ವೇದಿಕೆಗಳ ಬಗ್ಗೆ ಒಂದು ಎಚ್ಚರಿಕೆ. ಸ್ಟಾಂಪ್‌ನ ಕಾಲು ಸ್ವಿಚ್‌ಗಳು ಮುಟ್ಟಿದರೂ ಗ್ರಹಿಸುತ್ತವೆ: ಬೆರಳು ತಾಗಿಸಿದರೆ ಸಾಕು, ಆ ಬ್ಲಾಕ್ ತಿದ್ದಲು ಪರದೆಗೆ ಬರುತ್ತದೆ, ಬೆರಳನ್ನು ಹಾಗೇ ಇಟ್ಟುಕೊಂಡರೆ ಹಂಚಿಕೆಯ ಪುಟವೂ ತೆರೆಯುತ್ತದೆ. ಶೂ ಹಾಕಿಕೊಂಡು ನುಡಿಸುವ ದೇಶಗಳಲ್ಲಿ ಇದರಿಂದ ತೊಂದರೆಯಿಲ್ಲ. ನಾವು ಗರ್ಭಗುಡಿಯ ಎದುರು ಬರಿಗಾಲಿನಲ್ಲಿ ನಿಲ್ಲುವವರು. ಹೆಬ್ಬೆರಳು ಸ್ವಿಚ್ಚಿನ ಮೇಲೆ ಕಾದು ಕುಳಿತಿರುವಾಗಲೇ ಪರದೆ ಬದಲಾಗಿ ಒಮ್ಮೆ ನನ್ನ ಎದೆ ಧಸಕ್ಕೆಂದಿತ್ತು. ನಾದಕ್ಕೆ ಏನೂ ಆಗಿರಲಿಲ್ಲ. ಗ್ಲೋಬಲ್ ಸೆಟ್ಟಿಂಗ್ಸ್‌ನಲ್ಲಿ ಕಾಲು ಸ್ವಿಚ್‌ಗಳ ಪುಟಕ್ಕೆ ಹೋಗಿ ಈ ಸ್ಪರ್ಶವನ್ನು ನಿಲ್ಲಿಸಿಡಬಹುದು. ಕೊಂಡ ದಿನವೇ ನಿಲ್ಲಿಸಿಬಿಡಿ.

ಜೋಡಣೆಯ ವಿಷಯ ಚುಟುಕಾಗಿ ಹೇಳುತ್ತೇನೆ. ಇದರಲ್ಲಿ ಎಕ್ಸ್‌ಎಲ್‌ಆರ್ (ಮೈಕ್ ತಂತಿಯ ಮೂರು ಕಡ್ಡಿಯ) ಔಟ್‌ಪುಟ್ ಇಲ್ಲ, ಆದ್ದರಿಂದ ಮಿಕ್ಸರ್‌ಗೆ ಜೋಡಿಸಲು ಡಿಐ ಬಾಕ್ಸ್ ಬೇಕು. ಸೌಂಡ್‌ನವರು ಕೊಡುತ್ತಾರೆಂದು ನಂಬದೆ ನಿಮ್ಮದೇ ಒಂದನ್ನು ಇಟ್ಟುಕೊಳ್ಳಿ, ಗ್ರೌಂಡ್ ಲಿಫ್ಟ್ ಸ್ವಿಚ್ ಇರುವುದನ್ನೇ ಆರಿಸಿ; ಜನರೇಟರ್ ಮೇಲೆ ನಡೆಯುವ ಪೆಂಡಾಲುಗಳಲ್ಲಿ ಆ ಒಂದು ಸ್ವಿಚ್ 'ಹೂಂ' ಎಂಬ ಗುಂಗನ್ನು ಎಷ್ಟೋ ಸಲ ನಿಲ್ಲಿಸಿದೆ. ನಮ್ಮ ಕಡೆಯ ವೇದಿಕೆಗಳು ಬಹುಪಾಲು ಮೋನೊ, ಎಡ ಬಲ ಎರಡೂ ಕಡೆ ಒಂದೇ ನಾದ. ಎಡಗಡೆಯ ಔಟ್‌ಪುಟ್ ಒಂದನ್ನೇ ಬಳಸಿ, ಡಿಲೇ, ಕೋರಸ್‌ಗಳನ್ನು ಮೊದಲಿನಿಂದಲೇ ಮೋನೊದಲ್ಲಿ ಕೇಳಿ ಸಿದ್ಧಪಡಿಸಿ. ವಾಹ್ ಪೆಡಲ್‌ಗೂ ಹೆಚ್ಚುವರಿ ಸ್ವಿಚ್‌ಗಳಿಗೂ ಇರುವುದು ಒಂದೇ ಜಾಕ್, ವೈ ತಂತಿ ಹಾಕಿದರೆ ಒಂದು ಪೆಡಲ್, ಒಂದು ಸ್ವಿಚ್ ಎರಡೂ ಸಿಗುತ್ತವೆ. ವಿದ್ಯುತ್ತಿಗೆ 9 ವೋಲ್ಟ್, 3 ಆಂಪಿಯರ್ ಬೇಕು. ಸಾಮಾನ್ಯ ಪೆಡಲ್‌ಗಳ ಅಡಾಪ್ಟರ್‌ಗೆ ಇಷ್ಟು ತಾಕತ್ತಿರುವುದಿಲ್ಲ, ಜೊತೆಗೆ ಬಂದದ್ದನ್ನೇ ಜೋಪಾನ ಮಾಡಿ. ಕರೆಂಟು ಹೋಗಿ ಜನರೇಟರ್ ಹಿಡಿಯುವಷ್ಟರಲ್ಲಿ ಪೆಟ್ಟಿಗೆ ಆರಿ ಮತ್ತೆ ಏಳಬೇಕಾಗುತ್ತದೆ ಎಂಬ ಕಾರಣಕ್ಕೆ ಕಂಪ್ಯೂಟರಿನ ಒಂದು ಸಣ್ಣ ಯುಪಿಎಸ್ ನನ್ನ ಪಕ್ಕದಲ್ಲಿ ಯಾವಾಗಲೂ ಇರುತ್ತದೆ. ಕೀಬೋರ್ಡ್‌ನಿಂದ, ವಾದ್ಯಗಳ ನಡುವೆ ಸಂಕೇತ ಒಯ್ಯುವ ಒಂದು ಮಿಡಿ ತಂತಿ ಎಳೆದುಕೊಂಡರೆ ಡಿಲೇ ಅವರ ತಾಳದ ವೇಗಕ್ಕೆ ತಾನಾಗಿ ಹೊಂದಿಕೊಳ್ಳುತ್ತದೆ. ಆ ತಂತಿಯ ಬೆಲೆಗೆ ಇದಕ್ಕಿಂತ ದೊಡ್ಡ ಲಾಭ ಬೇರೊಂದಿಲ್ಲ. ಅಪ್‌ಡೇಟ್ ಮಾಡುವ ಮೊದಲು ಎಲ್ಲವನ್ನೂ ಬ್ಯಾಕಪ್ ತೆಗೆದಿಡಿ, ಹಬ್ಬದ ವಾರದಲ್ಲಿ ಅದರ ತಂಟೆಗೇ ಹೋಗಬೇಡಿ.

ಅಕೂಸ್ಟಿಕ್ ಗಿಟಾರಿನ ನಾದ ಕೊಡುವ ಬ್ಲಾಕ್ ಒಂದಿದೆ. ವೃಂದದ ನಡುವೆ ಪರವಾಗಿಲ್ಲ. ಭಾವಗೀತೆಯ ಕಾರ್ಯಕ್ರಮದಲ್ಲಿ, ಕೊಳಲು ಮತ್ತು ತಬಲ ಮಾತ್ರ ಇರುವಲ್ಲಿ, ನಾನು ಇಂದಿಗೂ ಮರದ ಗಿಟಾರನ್ನೇ ಒಯ್ಯುತ್ತೇನೆ.

ಹೆಚ್ಚು ಸ್ವಿಚ್ ಬೇಕೆನ್ನುವವರಿಗೆ 2021ರಲ್ಲಿ ಬಂದ ಸ್ಟಾಂಪ್ ಎಕ್ಸ್‌ಎಲ್ ಇದೆ, ಅದರಲ್ಲಿ ಎಂಟು ಸ್ವಿಚ್, ನಾಲ್ಕು ಸ್ನ್ಯಾಪ್‌ಶಾಟ್. ಕುಳಿತು ನುಡಿಸುವ ಸ್ಟುಡಿಯೊ ವಾದಕರಿಗೆ ನನ್ನ ಮಾತುಗಳು ಅಷ್ಟಾಗಿ ಅನ್ವಯಿಸಲಾರವು. ಆದರೆ ಬಸ್ಸಿಳಿದು, ಬೆನ್ನಚೀಲ ಬಿಚ್ಚಿ, ಹತ್ತು ನಿಮಿಷದಲ್ಲಿ ವೇದಿಕೆ ಏರಬೇಕಾದವರಿಗೆ ಈ ಪುಟ್ಟ ಪೆಟ್ಟಿಗೆಯನ್ನು ಮನಸಾರೆ ಹೇಳುತ್ತೇನೆ.

ಇದರಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಗ್ಲೋಬಲ್ ಇಕ್ಯೂ. ಊರೂರಿಗೆ ಸ್ಪೀಕರ್ ಬೇರೆ, ಚಾವಣಿ ಬೇರೆ. ಪ್ರಿಸೆಟ್‌ಗಳನ್ನು ಮುಟ್ಟದೆ, ಎಲ್ಲದರ ಮೇಲೆ ಒಟ್ಟಿಗೆ ಒಂದು ತಿದ್ದುಪಡಿ ಹಾಕಬಹುದು, ಮರುದಿನ ತೆಗೆದುಬಿಡಬಹುದು. ಪ್ರೆಸ್‌ನಲ್ಲಿ ಕತ್ತರಿಸಿ ಉಳಿದ ಕಾಗದವನ್ನು ಹೊಲಿದು ಒಂದು ಪುಸ್ತಕ ಮಾಡಿಕೊಂಡಿದ್ದೇನೆ, ಪ್ರತಿ ಕಾರ್ಯಕ್ರಮದ ಅಂಕಿಗಳೂ ಅದರಲ್ಲಿವೆ. ಎರಡನೆಯ ಸಲ ಅದೇ ಊರಿಗೆ ಹೋದಾಗ ಪುಟ ತಿರುವಿದರೆ ಅರ್ಧ ಕೆಲಸ ಮುಗಿದಿರುತ್ತದೆ. ಈ ವರ್ಷ ಮಂಡ್ಯದ ಕಡೆಯ ಆ ಹಳ್ಳಿಗೇ ಮತ್ತೆ ಕರೆ ಬಂದಿತ್ತು. ಪೆಂಡಾಲೂ ಅದೇ, ಮಿಕ್ಸರ್ ಮುಂದೆ ಹುಡುಗನೂ ಅವನೇ. ಆ ರಾತ್ರಿಯ ಪುಟದಲ್ಲಿ ಇರುವುದು ಇಷ್ಟು: ತಗಡಿನ ಚಾವಣಿ, ಲೋ ಕಟ್ 130, ಹೈ ಕಟ್ 6,500, ಮಿಡ್ 2 ಏರಿಕೆ, ಎರಡನೆಯ ಹಾಡಿನಿಂದ ಸೋಲೊ 1 ಡೆಸಿಬಲ್ ಇಳಿಕೆ, ಮೂರು ಗಂಟೆಯಲ್ಲಿ ಗಿಟಾರಿನ ಫೇಡರ್ ಒಮ್ಮೆಯೂ ಕೆಳಗೆ ಬರಲಿಲ್ಲ.